ರೆಕ್ಸಿನ್ ಬದಲಾದರೆ ಸೀಟು ಬದಲಾದಂತೆ ಅಲ್ಲ

ಶನಿವಾರ ಮಧ್ಯಾಹ್ನ ಹಾಸನದ ಒಂದು ಕುಷನ್ ಅಂಗಡಿಯ ಮುಂದೆ ನಮ್ಮ ಟಾಟಾ 207 ಪಿಕಪ್ಪಿನ ಸೀಟು ಬಿಚ್ಚಿಸಿ ಕಾಯುತ್ತ ಕುಳಿತಿದ್ದಾಗ ಕಂಡದ್ದು ಎರಡು ದಿನವಾದರೂ ಮನಸ್ಸಿನಿಂದ ಹೋಗದ ಕಾರಣ ಇದನ್ನು ಬರೆಯುತ್ತಿದ್ದೇನೆ. ಹಳೆಯ ಪಿಕಪ್ ಒಂದು ಬಂದು ನಿಂತಿತು. ಮಾಲೀಕರು ಎಡಬದಿಯಿಂದ ಇಳಿದರು. ಚಾಲಕ ಬಾಗಿಲು ಹಿಡಿದುಕೊಂಡು, ಮೊದಲು ಒಂದು ಕಾಲನ್ನು ನೆಲಕ್ಕೂರಿ, ಸ್ವಲ್ಪ ಹೊತ್ತು ಹಾಗೆಯೇ ನಿಂತು, ಆಮೇಲೆ ಸೊಂಟ ನೆಟ್ಟಗೆ ಮಾಡಿದ. ಸೀಟಿನ ಮೇಲೆ ಮಡಿಸಿದ ಗೋಣಿಚೀಲ, ಅದರ ಮೇಲೆ ಎಣ್ಣೆಜಿಡ್ಡು ಹಿಡಿದ ಒಂದು ದಿಂಬು. ಅಂಗಡಿಯವರು ಕೈಯಿಂದ ಒತ್ತಿ ನೋಡಿ, ಸ್ಪ್ರಿಂಗ್ ತುಂಡಾಗಿದೆ, ಫೋಮ್ ಪುಡಿಯಾಗಿದೆ, ಎಲ್ಲವನ್ನೂ ಬದಲಾಯಿಸಬೇಕು ಎಂದರು. ಮಾಲೀಕರ ಉತ್ತರ ಇಷ್ಟೇ: ‘ಒಳಗಿಂದು ಇರ್ಲಿ ಬಿಡಪ್ಪ, ಮೇಲೆ ರೆಕ್ಸಿನ್ ಒಂದು ಹೊಲ್ದು ಕೊಡು. ಹಳೇ ಗಾಡಿ, ಇನ್ನೆಷ್ಟು ದಿನ ಓಡ್ತದೆ?’ ಚಾಲಕ ಏನೂ ಹೇಳಲಿಲ್ಲ. ದಿಂಬನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ನನಗೆ ಸಿಟ್ಟು ಬಂದದ್ದು ಆ ದಿಂಬನ್ನು ಕಂಡು. ಹೊಸ ರೆಕ್ಸಿನ್ ಬಂದ ಮೇಲೂ ಅದು ಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಸೀಟು ಎಂದರೆ ಕಣ್ಣಿಗೆ ಕಾಣುವ ಹೊದಿಕೆ ಮಾತ್ರವಲ್ಲ. ನಮ್ಮ ಗಾಡಿಯ ಸೀಟನ್ನು ಬಿಚ್ಚಿದಾಗ ಕೆಳಗೆ ಕಬ್ಬಿಣದ ಚೌಕಟ್ಟು, ಅದಕ್ಕೆ ಸಿಕ್ಕಿಸಿದ ಅಂಕುಡೊಂಕು ಸ್ಪ್ರಿಂಗುಗಳು, ಸ್ಪ್ರಿಂಗ್ ಫೋಮನ್ನು ಕೊರೆಯದಂತೆ ನಡುವೆ ಹಾಸಿದ ದಪ್ಪ ಬಟ್ಟೆ, ಅದರ ಮೇಲೆ ಫೋಮ್, ಕೊನೆಗೆ ರೆಕ್ಸಿನ್ ಇದ್ದವು. ಸ್ಪ್ರಿಂಗ್‌ಗಳಲ್ಲಿ ಎರಡು ತುಂಡಾಗಿದ್ದವು, ನಡುವಿನ ಬಟ್ಟೆ ಹರಿದು ಹೋಗಿತ್ತು, ಫೋಮ್ ಹಿಡಿದರೆ ಹಳದಿ ಹುಡಿಯಾಗಿ ಉದುರುತ್ತಿತ್ತು. ಬಲಗಡೆಯ ಅಂಚಂತೂ ಪೂರ್ತಿ ಕುಸಿದಿತ್ತು. ಚಾಲಕ ದಿನಕ್ಕೆ ಹತ್ತಾರು ಸಲ ಹತ್ತಿ ಇಳಿಯುವುದು ಆ ಅಂಚಿನ ಮೇಲೆ ಜಾರಿಕೊಂಡೇ ಆದ್ದರಿಂದ ಮೊದಲು ಸಾಯುವುದು ಅದೇ ಭಾಗ. ಅದು ಕುಸಿದ ಮೇಲೆ ಕುಳಿತವನ ಸೊಂಟ ಬಲಕ್ಕೆ ವಾಲುತ್ತದೆ, ಬೆನ್ನು ಎಡಕ್ಕೆ ಬಾಗಿ ಅದನ್ನು ಸರಿದೂಗಿಸುತ್ತದೆ, ಹೀಗೆ ವಾಲಿಕೊಂಡೇ ಅವನು ಮಂಗಳೂರಿಗೆ ಹೋಗಿ ಬರುತ್ತಾನೆ. ಇದರ ಮೇಲೆ ಹೊಸ ರೆಕ್ಸಿನ್ ಹೊಲಿಸಿದರೆ ಗುಂಡಿ ಮುಚ್ಚಿಹೋಗುತ್ತದೆಯೇ ಹೊರತು ತುಂಬುವುದಿಲ್ಲ.

ನೆಟ್ಟಗೆ ಕುಳಿತ ಮನುಷ್ಯನ ಬೆನ್ನುಮೂಳೆಗೆ ಮೇಲೆ ಕೆಳಗೆ ಕುಲುಕುವ ಅದುರು ಎಲ್ಲಕ್ಕಿಂತ ಹೆಚ್ಚು ತಾಗುವುದು ಸೆಕೆಂಡಿಗೆ ಸುಮಾರು 4ರಿಂದ 8 ಸಲದ ವೇಗದಲ್ಲಿ. ಯುರೋಪಿನ ಒಕ್ಕೂಟದಲ್ಲಿ 2002ರಿಂದಲೇ ಕೆಲಸಗಾರರ ದೇಹಕ್ಕೆ ತಾಗುವ ಅದುರಿಗೆ ಮಿತಿ ಹಾಕುವ ನಿರ್ದೇಶನವಿದೆ. ಎಂಟು ಗಂಟೆಯ ಕೆಲಸಕ್ಕೆ ಹೋಲಿಸಿ ಅಳೆದಾಗ ಅದುರಿನ ವೇಗೋತ್ಕರ್ಷ 0.5 ಮೀಟರ್ ಪ್ರತಿ ಸೆಕೆಂಡ್ ವರ್ಗವನ್ನು ಮೀರಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 1.15 ದಾಟುವಂತೆಯೇ ಇಲ್ಲ. ನಮ್ಮ ಪಿಕಪ್‌ಗಳಿಗೆ ಹಿಂದೆ ಇರುವುದು ಭಾರ ಹೊರುವ ಪ್ಲೇಟ್ ಸ್ಪ್ರಿಂಗ್; ಭಾರವಿಲ್ಲದಾಗ ಅದು ಅಷ್ಟಾಗಿ ಬಗ್ಗುವುದಿಲ್ಲ. ಶುಂಠಿ ಮೂಟೆ ಇಳಿಸಿ ಖಾಲಿಯಾಗಿ ಹಿಂದಿರುಗುವಾಗ ಶಿರಾಡಿ ಘಾಟಿಯ ಪ್ರತಿಯೊಂದು ಗುಂಡಿಯೂ ಕುಳಿತವನಿಗೆ ನೇರವಾಗಿ ತಾಗುತ್ತದೆ. ಆ ಏಟಿಗೂ ಬೆನ್ನಿಗೂ ನಡುವೆ ಉಳಿದಿರುವುದು ಸೀಟಿನ ಸ್ಪ್ರಿಂಗುಗಳು ಮತ್ತು ಅಂಗೈ ಅಗಲದಷ್ಟು ದಪ್ಪದ ಫೋಮ್, ಅಷ್ಟೇ.

‘ಹಳೇ ಗಾಡಿ, ಇನ್ನೆಷ್ಟು ದಿನ’ ಎಂಬ ಮಾತಿನಲ್ಲಿ ಲೆಕ್ಕವಿಲ್ಲ ಎಂದು ನಾನು ಹೇಳುವುದಿಲ್ಲ. ಮಾರುವಾಗ ಸೀಟಿಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ ಎಂಬುದೂ ನಿಜ. ಆದರೆ ಎಂಟು ವರ್ಷ ದಾಟಿದ ಗಾಡಿಗೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸುವಾಗ ಇದೇ ಹಳೆಯ ಗಾಡಿಗೆ ಬಣ್ಣ ಹೊಡೆಸುತ್ತೇವೆ, ಪ್ರತಿಫಲಕ ಪಟ್ಟಿ ಅಂಟಿಸುತ್ತೇವೆ, ಟಯರು ಹಾಕಿಸುತ್ತೇವೆ; ಆಗ ಇನ್ನೆಷ್ಟು ದಿನ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಬರುವುದು ಚಾಲಕ ಕೂರುವ ಜಾಗಕ್ಕೆ ದುಡ್ಡು ಹಾಕಬೇಕಾದಾಗ ಮಾತ್ರ. ಗಾಡಿ ಗುಜರಿಗೆ ಹೋಗುವ ದಿನ ಅವನ ಬೆನ್ನು ಅವನ ಜೊತೆಯೇ ಮನೆಗೆ ಹೋಗುತ್ತದೆ.

ಗುಜರಿಯಿಂದ ಯಾವುದಾದರೂ ಕಾರಿನ ಸೀಟು ತಂದು ಕೂರಿಸಿದರೆ ಅಗ್ಗವಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಸೀಟು ಹಿಂದೆ ಮುಂದೆ ಸರಿಯುವ ಅದರ ರೈಲು ನಮ್ಮ ಗಾಡಿಯ ತೂತುಗಳಿಗೆ ಕೂಡುವುದಿಲ್ಲ. ತಗಡಿನ ನೆಲಕ್ಕೆ ಪಟ್ಟಿ ವೆಲ್ಡ್ ಮಾಡಿಸಿದರೆ ಜೋರಾಗಿ ಬ್ರೇಕ್ ಹಾಕಿದ ದಿನ ಅದು ಹಿಡಿದುಕೊಳ್ಳುತ್ತದೆ ಎಂದು ಯಾರು ಮಾತು ಕೊಡುತ್ತಾರೆ? ಎತ್ತರ ಬದಲಾದರೆ ಕ್ಲಚ್ಚಿಗೆ ಕಾಲು ಚಾಚುವ ಅಳತೆಯೂ ಕನ್ನಡಿಯ ನೋಟವೂ ಕೆಡುತ್ತವೆ. ಗಾಡಿಯದೇ ಸೀಟಿನ ಚೌಕಟ್ಟು ಗಟ್ಟಿಯಿದ್ದರೆ ಅದನ್ನೇ ಉಳಿಸಿಕೊಂಡು ಒಳಗಿನದೆಲ್ಲವನ್ನೂ ಹೊಸದಾಗಿ ಕಟ್ಟಿಸುವುದೇ ಸರಿ.

ಹಾಗೆ ಕಟ್ಟಿಸುವಾಗ ಹತ್ತಿರವೇ ನಿಂತು ನೋಡಿ. ಸೋಫಾಗೆ ಹಾಕುವ ಹಗುರ ಫೋಮ್ ಅಂಗಡಿಯಲ್ಲಿ ಕುಳಿತಾಗ ಹಿತವಾಗಿರುತ್ತದೆ, ಬಹಳ ದಿನ ನಿಲ್ಲುವುದಿಲ್ಲ. ಘನ ಮೀಟರಿಗೆ 40 ಕಿಲೋಗಿಂತ ಹೆಚ್ಚು ತೂಗುವ ಫೋಮನ್ನೇ ಕೇಳಿ ಹಾಕಿಸಿದೆ. ಕೆಳಗೆ ಗಟ್ಟಿಯದು, ಮೇಲೆ ತೆಳುವಾಗಿ ಮೆತ್ತನೆಯದು. ತುಂಡಾದ ಸ್ಪ್ರಿಂಗ್‌ಗಳ ಜಾಗಕ್ಕೆ ಹೊಸವು ಬಂದವು. ಹಿಂದೆ ಮುಂದೆ ಸರಿಸುವ ರೈಲಿನ ಹಲ್ಲು ಸವೆದಿದ್ದರಿಂದ ಅದನ್ನೂ ಬದಲಾಯಿಸಿದೆ, ಏಕೆಂದರೆ ಬ್ರೇಕ್ ಹಾಕಿದಾಗ ಸೀಟೇ ಜಾರಿದರೆ ಕಾಲು ಪೆಡಲಿನ ಮೇಲೆ ನಿಲ್ಲುವುದಿಲ್ಲ. ಸೀಟು ಎತ್ತಿದಾಗ ಕೆಳಗಿನ ತಗಡು ತುಕ್ಕು ಹಿಡಿದದ್ದು ಕಂಡಿತು. ಕೆರೆದು ಬಣ್ಣ ಬಳಿದ ಮೇಲೆಯೇ ಬೋಲ್ಟು ಹಾಕಿಸಿದೆ. ರೆಕ್ಸಿನ್ ಮಾತ್ರವಾದರೆ 1,800 ರೂಪಾಯಿ ಎಂದಿದ್ದರು, ಎಲ್ಲ ಸೇರಿ 5,200 ಆಯಿತು.

ಇದನ್ನೆಲ್ಲ ನಾನು ತಿಳಿದದ್ದು ತಡವಾಗಿ. ನಮ್ಮಲ್ಲಿ ಒಂಬತ್ತು ವರ್ಷ ಗಾಡಿ ಓಡಿಸಿದ ಚಾಲಕರೊಬ್ಬರಿದ್ದರು. ‘ಅಣ್ಣ, ಸೀಟು ಒಂಚೂರು ನೋಡ್ಬೇಕು’ ಎಂದು ಅವರು ಎರಡು ಸಲ ಹೇಳಿದ್ದರು. ಎರಡು ಸಲವೂ ನಾನು ರೆಕ್ಸಿನ್ ಹೊಲಿಸಿದ್ದೆ, ಎರಡು ಸಲವೂ ಕೆಲಸ ಮುಗಿಯಿತೆಂದು ತಿಳಿದಿದ್ದೆ. ಬೆನ್ನುನೋವೆಂದು ಅವರು ಕೆಲಸ ಬಿಟ್ಟಾಗ ಬೇರೆಲ್ಲೋ ಹೆಚ್ಚು ಸಂಬಳ ಸಿಕ್ಕಿರಬೇಕು ಎಂದುಕೊಂಡೆ. ಅವರು ಹೋದ ಮೂರನೆಯ ವಾರ ನಾನೇ ಶುಂಠಿ ಹಾಕಿಕೊಂಡು ಮಂಗಳೂರಿಗೆ ಹೋದೆ. ಘಾಟಿ ಇಳಿದು ಗುಂಡ್ಯ ದಾಟುವಷ್ಟರಲ್ಲಿ ಬಲಗಾಲು ಜೋಮು ಹಿಡಿದು, ಬ್ರೇಕ್ ಎಷ್ಟು ಒತ್ತಿದ್ದೇನೆ ಎಂಬುದೇ ತಿಳಿಯದಾಯಿತು. ಗಾಡಿ ಬದಿಗೆ ನಿಲ್ಲಿಸಿ ಇಳಿದಾಗ ನಾನೂ ಬಾಗಿಲು ಹಿಡಿದುಕೊಂಡೇ ನಿಂತೆ, ಶನಿವಾರ ಆ ಚಾಲಕ ನಿಂತ ಹಾಗೆಯೇ.

ಶನಿವಾರ ಆ ಮಾಲೀಕರಿಗೆ ಬಿಚ್ಚಿಟ್ಟಿದ್ದ ನಮ್ಮ ಸೀಟನ್ನು ತೋರಿಸಿ, ಹಳೆಯ ಫೋಮನ್ನು ಅವರ ಕೈಗೇ ಕೊಟ್ಟೆ. ಹುಡಿ ಉದುರಿತು. ಕೈ ಒರೆಸಿಕೊಂಡು, ನೋಡೋಣ ಎಂದರು. ನಾನು ಹೊರಡುವವರೆಗೂ ಅವರು ರೆಕ್ಸಿನ್ನಿನ ಬಣ್ಣವನ್ನೇ ಆರಿಸುತ್ತಿದ್ದರು.

ನಮ್ಮ ಗಾಡಿಯ ಎಡಬದಿಯ ಸೀಟು ಇನ್ನೂ ಹಳೆಯದೇ. ಲೋಡಿಂಗಿಗೆ ಬರುವ ಹುಡುಗ ಕೂರುವ ಜಾಗ ಅದು. ಮುಂದಿನ ಶನಿವಾರ ಅದನ್ನೂ ಬಿಚ್ಚಿಸುತ್ತೇನೆ.