ಕ್ಯಾರೋಲಿನಾ ಅವರ ಹಸಿವು ಎಲ್ಲರಿಗೂ ಬೇಕಿತ್ತು, ಕಾದಂಬರಿ ಬೇಡವಾಗಿತ್ತು

ಬ್ರೆಜಿಲ್‌ನ ಕ್ಯಾರೋಲಿನಾ ಮರಿಯಾ ಡಿ ಜೆಸುಸ್ ಅವರ ಎರಡನೇ ಪುಸ್ತಕ 1961ರಲ್ಲಿ ಬಂತು. ಅದರ ಮುನ್ನುಡಿಯಲ್ಲಿ ಅವರಿಗೇ ಒಂದು ಬುದ್ಧಿಮಾತಿದೆ. ನೀವು ಬರೆದಿರುವ ಕವಿತೆ, ಕಥೆ, ಕಾದಂಬರಿಗಳನ್ನು ಜೋಪಾನವಾಗಿ ಎತ್ತಿಟ್ಟುಬಿಡಿ ಅಂತ. ಸ್ವಲ್ಪ ಕಳೆದುಹೋಗಿರುವ ವಿನಯವನ್ನು ಮತ್ತೆ ತಂದುಕೊಳ್ಳಿ ಅಂತಲೂ ಇದೆ. ಇದನ್ನು ಬರೆದದ್ದು ಯಾರೋ ವಿರೋಧಿ ಅಲ್ಲ. ಅವರನ್ನು ಲೋಕಕ್ಕೆ ಪರಿಚಯಿಸಿದ ಪತ್ರಕರ್ತ ಔದಾಲಿಯೊ ದಾಂತಾಸ್. ಈ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾರೋಲಿನಾ ಹುಟ್ಟಿದ್ದು 1914ರಲ್ಲಿ, ಮಿನಾಸ್ ಜೆರೈಸ್ ರಾಜ್ಯದ ಸಾಕ್ರಮೆಂಟೊ ಎಂಬ ಊರಲ್ಲಿ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಆಗಿನ್ನೂ 26 ವರ್ಷ. ಬಡ ಕಪ್ಪು ಕುಟುಂಬ. ಶಾಲೆಗೆ ಹೋಗಿದ್ದು ಎರಡೇ ವರ್ಷ. ಆದರೆ ಅಷ್ಟರಲ್ಲಿ ಓದುವ ಹುಚ್ಚು ಹಿಡಿದಿತ್ತು. ಆಮೇಲೆ ಸಾವೊ ಪಾಲೊ ನಗರ, ಮನೆಗೆಲಸ. ಕೊನೆಗೆ ಟಿಯೆಟೆ ನದಿಯ ದಂಡೆಯಲ್ಲಿದ್ದ ಕನಿಂಡೆ ಎಂಬ ಕೊಳೆಗೇರಿ. ಅಲ್ಲಿ ಹಲಗೆ, ತಗಡು ಸೇರಿಸಿ ಗುಡಿಸಲು ಕಟ್ಟಿಕೊಂಡರು. ಮೂರು ಮಕ್ಕಳನ್ನು ಒಬ್ಬರೇ ಸಾಕಿದರು. ಬೀದಿಯಲ್ಲಿ ರದ್ದಿ ಕಾಗದ, ಕಬ್ಬಿಣದ ಚೂರು ಆಯ್ದು ಮಾರುತ್ತಿದ್ದರು. ಆ ರದ್ದಿಯಲ್ಲಿ ಸಿಕ್ಕ ನೋಟ್‌ಬುಕ್ಕುಗಳ ಖಾಲಿ ಹಾಳೆಗಳಲ್ಲೇ ಬರೆಯುತ್ತಿದ್ದರು.

ಅವರ ದಿನಚರಿ 1955ರ ಜುಲೈ 15ಕ್ಕೆ ಶುರುವಾಗುತ್ತದೆ. ಅವತ್ತು ಮಗಳು ವೆರಾಳ ಹುಟ್ಟುಹಬ್ಬ. ಮಗುವಿಗೆ ಒಂದು ಜೊತೆ ಶೂ ಕೊಡಿಸೋಣ ಅಂದರೆ ದುಡ್ಡಿಲ್ಲ. ಕಸದಲ್ಲಿ ಸಿಕ್ಕ ಶೂಗಳನ್ನೇ ತೊಳೆದು, ಹೊಲಿದು ಮಗಳಿಗೆ ಹಾಕುತ್ತಾರೆ. ಎಲ್ಲೂ ಕಣ್ಣೀರಿಲ್ಲ. ಅತ್ತಿದ್ದರೆ ಓದುವುದು ಇಷ್ಟು ಕಷ್ಟ ಆಗುತ್ತಿರಲಿಲ್ಲ.

1958ರ ಮೇ 13ರ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ. ಗುಲಾಮಗಿರಿ ರದ್ದಾದ ನೆನಪಿನ ದಿನ ಅದು. ಮಳೆ ಸುರಿಯುತ್ತಿದೆ, ಮನೆಯಲ್ಲಿ ತಿನ್ನಲು ಏನೂ ಇಲ್ಲ. ತಾನು ಆ ದಿನ ಈಗಿನ ಗುಲಾಮಗಿರಿಯ ವಿರುದ್ಧ, ಅಂದರೆ ಹಸಿವಿನ ವಿರುದ್ಧ ಹೋರಾಡುತ್ತಿದ್ದೆ ಅಂತ ಬರೆಯುತ್ತಾರೆ. ಅದೇ ತಿಂಗಳ ಇನ್ನೊಂದು ಪುಟದಲ್ಲಿ ಹಸಿವಿನಿಂದ ಆಕಾಶ, ಮರ, ಹಕ್ಕಿ ಎಲ್ಲವೂ ಹಳದಿಯಾಗಿ ಕಾಣುತ್ತವೆ. ಊಟ ಮಾಡಿದ ಮೇಲೆ ಎಲ್ಲಕ್ಕೂ ತಮ್ಮ ತಮ್ಮ ಬಣ್ಣ ವಾಪಸ್ ಬರುತ್ತದೆ. ಇನ್ನೊಂದು ಕಡೆ ಇಡೀ ನಗರವನ್ನು ಒಂದು ಮನೆಯ ಹಾಗೆ ವಿಂಗಡಿಸುತ್ತಾರೆ. ಅರಮನೆ ಅಂದರೆ ಬಂದವರನ್ನು ಕೂರಿಸುವ ಕೋಣೆ, ನಗರಸಭೆ ಊಟದ ಕೋಣೆ, ನಗರ ಕೈತೋಟ. ಕೊಳೆಗೇರಿ ಮಾತ್ರ ಕಸ ಎಸೆಯುವ ಹಿತ್ತಲು. ಸುಮ್ನೆ ಕಂಡದ್ದನ್ನು ಗೀಚಿಡುವವರು ಹೀಗೆ ಬರೆಯುವುದಿಲ್ಲ. ಇದು ವಾಕ್ಯದ ಬೆಲೆ ಗೊತ್ತಿದ್ದವರ ಬರವಣಿಗೆ.

ಅವರು ಮದುವೆಯನ್ನೂ ಬೇಡ ಅಂದಿದ್ದರು. ಓದದೆ ಇರಲಾಗದ, ಬರೆಯಲು ರಾತ್ರಿ ಎದ್ದು ಕೂರುವ, ದಿಂಬಿನ ಕೆಳಗೆ ಪೆನ್ಸಿಲ್ ಕಾಗದ ಇಟ್ಟುಕೊಂಡು ಮಲಗುವ ಹೆಂಗಸು ಯಾವ ಗಂಡಸಿಗೂ ಇಷ್ಟವಾಗುವುದಿಲ್ಲ ಅನ್ನುವುದು ಅವರ ಕಾರಣ.

ದಾಂತಾಸ್ 1958ರಲ್ಲಿ ಪತ್ರಿಕೆಯ ಕೆಲಸಕ್ಕೆ ಕನಿಂಡೆಗೆ ಬಂದಿದ್ದರು. ಮಕ್ಕಳಿಗೆ ಅಂತ ಹಾಕಿದ್ದ ಉಯ್ಯಾಲೆಗಳನ್ನು ದೊಡ್ಡವರು ಆಕ್ರಮಿಸಿಕೊಂಡಿದ್ದರು. ನಿಮ್ಮ ಹೆಸರನ್ನೆಲ್ಲ ನನ್ನ ಪುಸ್ತಕದಲ್ಲಿ ಹಾಕ್ತೀನಿ ಅಂತ ಕ್ಯಾರೋಲಿನಾ ಆ ದೊಡ್ಡವರನ್ನು ಗದರಿಸುತ್ತಿದ್ದರಂತೆ. ಗಮನಿಸಿ, ಪತ್ರಕರ್ತ ಬರುವ ಮೊದಲೇ ಅವರ ಬಾಯಲ್ಲಿ 'ನನ್ನ ಪುಸ್ತಕ' ಇತ್ತು. ಕೊಳೆಗೇರಿಗೆ ಬರುವ ಮೊದಲೇ ಕವಿತೆಗಳನ್ನು ಹಿಡಿದು ಪತ್ರಿಕಾ ಕಚೇರಿಗಳಿಗೆ ಅಲೆದವರು ಅವರು. ತಮ್ಮ ಬರಹವನ್ನು ಅಮೆರಿಕದ ರೀಡರ್ಸ್ ಡೈಜೆಸ್ಟ್‌ಗೂ ಕಳಿಸಿದ್ದರು. ಅದು ತಿರುಗಿ ಬಂದಾಗ, ಬರೆಯುವವರಿಗೆ ಇದಕ್ಕಿಂತ ಕೆಟ್ಟ ಕಪಾಳಮೋಕ್ಷ ಇಲ್ಲ ಅಂತ ದಿನಚರಿಯಲ್ಲಿ ಬರೆದರು. ಹಾಗಾಗಿ ಯಾರೋ ಒಬ್ಬರು ಕೊಳೆಗೇರಿಯಲ್ಲಿ ಅವರನ್ನು 'ಕಂಡುಹಿಡಿದರು' ಅನ್ನುವ ಕಥೆಯನ್ನು ನಾನು ಒಪ್ಪುವುದಿಲ್ಲ.

ದಿನಚರಿ 1960ರ ಆಗಸ್ಟ್‌ನಲ್ಲಿ 'ಕ್ವಾರ್ತೊ ಡಿ ದೆಸ್ಪೆಜೊ' ಅನ್ನುವ ಹೆಸರಲ್ಲಿ ಅಚ್ಚಾಯಿತು. ಬೇಡದ ಸಾಮಾನು ತುಂಬಿಡುವ ಕೋಣೆ ಅಂತ ಅರ್ಥ. ಮೊದಲ ಮುದ್ರಣದ 10,000 ಪ್ರತಿಗಳು ಕೆಲವೇ ದಿನಗಳಲ್ಲಿ ಖಾಲಿ. ಹತ್ತಕ್ಕೂ ಜಾಸ್ತಿ ಭಾಷೆಗಳಿಗೆ ಹೋಯಿತು. ಫೋಟೊ, ಸನ್ಮಾನ, ಭಾಷಣ, ಎಲ್ಲ ಆಯಿತು. ಅವರು ಸಾಮಾನು ಹೇರಿಕೊಂಡು ಕೊಳೆಗೇರಿ ಬಿಟ್ಟು ಹೊರಟಾಗ ಅಲ್ಲಿನ ಕೆಲವರು ಕಲ್ಲು ಹೊಡೆದರು. ತಮ್ಮ ಜಗಳ, ಗುಟ್ಟುಗಳೆಲ್ಲ ಪುಸ್ತಕದಲ್ಲಿ ಬಂದಿವೆ ಅನ್ನುವ ಕೋಪ ಅವರದು. ಆ ಕೋಪವೂ ಸುಳ್ಳಲ್ಲ. ಕ್ಯಾರೋಲಿನಾ ನೆರೆಹೊರೆಯವರ ಬಗ್ಗೆ ತುಂಬ ಕಠೋರವಾಗಿ ಬರೆದಿದ್ದಾರೆ.

ಎರಡನೇ ಪುಸ್ತಕ 'ಕಾಸಾ ಡಿ ಅಲ್ವೆನಾರಿಯಾ', ಅಂದರೆ ಇಟ್ಟಿಗೆಯ ಮನೆ. ಹೊಟ್ಟೆ ತುಂಬಿದ ಮೇಲಿನ ದಿನಚರಿ ಅದು. ತಮ್ಮನ್ನು ಕರೆಸಿ ಮೆರೆಸುವ ಶ್ರೀಮಂತರು ಹೇಗಿದ್ದಾರೆ ಅಂತ ಅದರಲ್ಲಿ ಬರೆದರು. ಅದು ಮೊದಲಿನಷ್ಟು ಮಾರಾಟವಾಗಲಿಲ್ಲ. 1963ರಲ್ಲಿ ಸ್ವಂತ ದುಡ್ಡು ಹಾಕಿ 'ಪೆದಾಸೊಸ್ ಡ ಫೋಮಿ' ಎಂಬ ಕಾದಂಬರಿ ತಂದರು. ಅದನ್ನು ಕೇಳುವವರೇ ಇರಲಿಲ್ಲ. ಹಸಿದಿದ್ದಾಗ ಅವರ ಮಾತು ಎಲ್ಲರಿಗೂ ಬೇಕಿತ್ತು. ಕಲ್ಪನೆಯಿಂದ ಕಥೆ ಕಟ್ಟುತ್ತೇನೆ ಅಂದಾಗ, ಶ್ರೀಮಂತರ ಮನೆಯೊಳಗನ್ನೂ ಹೇಳುತ್ತೇನೆ ಅಂದಾಗ ಬಾಗಿಲು ಹಾಕಿದರು. ಬಡ ಕಪ್ಪು ಹೆಂಗಸು ಸಾಕ್ಷಿ ಹೇಳಬಹುದು, ಸಾಹಿತ್ಯ ಬರೆಯುವ ಹಾಗಿಲ್ಲ ಅನ್ನುವ ತೀರ್ಪಲ್ವಾ ಇದು?

ರಾಜಕೀಯದವರಿಗೂ ಅವರು ಒಗ್ಗಲಿಲ್ಲ. ಹಸಿವು ಗೊತ್ತಿರುವವರೇ ದೇಶ ಆಳಬೇಕು, ಹಸಿವೂ ಒಬ್ಬ ಗುರು ಅಂದವರು ಅವರು. ಆದರೆ ಯಾವ ಪಕ್ಷದ ಬಾವುಟವನ್ನೂ ಹಿಡಿಯಲಿಲ್ಲ. ಕೊನೆಯ ವರ್ಷಗಳಲ್ಲಿ ನಗರದ ದಕ್ಷಿಣದ ಅಂಚಿನ ಪರೆಲೈರೊಸ್‌ನಲ್ಲಿ ಒಂದು ಚಿಕ್ಕ ಜಾಗ ಮಾಡಿಕೊಂಡು ಬದುಕಿದರು. 1977ರಲ್ಲಿ ತೀರಿಕೊಂಡರು. ಅವರ ಬಾಲ್ಯದ ನೆನಪುಗಳ ಪುಸ್ತಕ ಸತ್ತ ಮೇಲೆ, 1982ರಲ್ಲಿ, ಮೊದಲು ಬಂದದ್ದು ಫ್ರಾನ್ಸ್‌ನಲ್ಲಿ. ಅವರದೇ ದೇಶದಲ್ಲಿ ಅಚ್ಚಾಗಲು 1986ರವರೆಗೆ ಕಾಯಬೇಕಾಯಿತು.

ಈಗ ಸ್ವಲ್ಪ ನ್ಯಾಯ ಸಿಗುತ್ತಿದೆ. 2021ರಲ್ಲಿ ರಿಯೊ ಡಿ ಜನೈರೊದ ಫೆಡರಲ್ ವಿಶ್ವವಿದ್ಯಾಲಯ ಅವರಿಗೆ ಮರಣೋತ್ತರ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ 'ಕಾಸಾ ಡಿ ಅಲ್ವೆನಾರಿಯಾ' ಹೊಸದಾಗಿ ಬಂತು, ಈ ಸಲ ಅವರ ಹಸ್ತಪ್ರತಿಯನ್ನು ಅನುಸರಿಸಿ. ಆ ಕೆಲಸದ ಹಿಂದೆ ಮಗಳು ವೆರಾ ಇದ್ದರು, ಲೇಖಕಿ ಕನ್ಸೆಯಿಸಾಂವ್ ಎವರಿಸ್ಟೊ ಇದ್ದರು. ಕ್ಯಾರೋಲಿನಾ ಅವರ ಕಾಗುಣಿತವನ್ನು ಇದ್ದ ಹಾಗೇ ಉಳಿಸಬೇಕೋ ತಿದ್ದಬೇಕೋ ಅಂತ ಅಲ್ಲಿ ಜಗಳವೇ ನಡೆದಿದೆ. ಉಳಿಸಲಿ ಅನ್ನುವುದು ನನ್ನ ಪಕ್ಷ. ಆದರೆ ತಪ್ಪುಗಳನ್ನು ನೋಡಿ ಅಯ್ಯೋ ಪಾಪ ಅನ್ನಲು ಅಲ್ಲ. ಅವರ ಎಲ್ಲ ಪುಸ್ತಕಗಳನ್ನೂ, ಕವಿತೆ ಕಾದಂಬರಿಗಳನ್ನೂ, ಅವರು ಬರೆದ ಹಾಗೆಯೇ ತರುವುದಾದರೆ.

ಇದೇ ಎವರಿಸ್ಟೊ ಹೇಳಿಕೊಂಡಿರುವ ಒಂದು ವಿಷಯ ಇದೆ. ಅವರ ತಾಯಿ ಬೆಲೊ ಹೊರಿಜಾಂಟೆ ನಗರದ ಕೊಳೆಗೇರಿಯಲ್ಲಿದ್ದವರು. 'ಕ್ವಾರ್ತೊ ಡಿ ದೆಸ್ಪೆಜೊ' ಓದಿದ ಮೇಲೆ ಆ ತಾಯಿಯೂ ದಿನಚರಿ ಬರೆಯಲು ಶುರು ಮಾಡಿದರಂತೆ. ಮಗಳು ಇವತ್ತು ಬ್ರೆಜಿಲ್‌ನ ದೊಡ್ಡ ಕಾದಂಬರಿಕಾರ್ತಿಯರಲ್ಲಿ ಒಬ್ಬರು.