ಮೊದಲ ಪ್ರಯತ್ನದಲ್ಲೇ ಬಾರ್ ದಾಟುವುದನ್ನು ಯಾರು ಕಲಿಸುತ್ತಿದ್ದಾರೆ?

2022ರ ಯುಜೀನ್ ವಿಶ್ವ ಚಾಂಪಿಯನ್‌ಷಿಪ್‌ನ ಮಹಿಳೆಯರ ಹೈಜಂಪ್ ಫೈನಲ್ ನೆನಪಿಸಿಕೊಳ್ಳಿ. ಆಸ್ಟ್ರೇಲಿಯಾದ ಎಲೀನರ್ ಪ್ಯಾಟರ್ಸನ್ 2.02 ಮೀಟರ್ ಹಾರಿದರು. ಉಕ್ರೇನಿನ ಯಾರೊಸ್ಲಾವಾ ಮಹುಚಿಖ್ ಕೂಡ 2.02 ಹಾರಿದರು. ಚಿನ್ನ ಹೋಗಿದ್ದು ಪ್ಯಾಟರ್ಸನ್‌ಗೆ. ಯಾಕೆಂದರೆ ಅವರು ಮೊದಲ ಸಲಕ್ಕೇ ದಾಟಿದ್ದರು, ಮಹುಚಿಖ್ ಎರಡನೇ ಸಲಕ್ಕೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹುಚಿಖ್ ಮತ್ತು ಆಸ್ಟ್ರೇಲಿಯಾದ ನಿಕೋಲಾ ಒಲಿಸ್ಲಾಗರ್ಸ್ ಇಬ್ಬರದೂ 2.00, ಚಿನ್ನ ಮಹುಚಿಖ್‌ಗೆ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಲಿಸ್ಲಾಗರ್ಸ್ ಮತ್ತು ಪೋಲೆಂಡಿನ ಮರಿಯಾ ಝೋಡ್ಜಿಕ್ ಇಬ್ಬರದೂ 2.00, ಚಿನ್ನ ಒಲಿಸ್ಲಾಗರ್ಸ್‌ಗೆ. ಈ ಮೂರರಲ್ಲೂ ಚಿನ್ನ ಬೆಳ್ಳಿಗಳ ನಡುವೆ ಎತ್ತರದ ವ್ಯತ್ಯಾಸ ಒಂದು ಸೆಂಟಿಮೀಟರ್ ಕೂಡ ಇರಲಿಲ್ಲ.

ಹೀಗಿದ್ದೂ ಪುಣೆ, ಮುಂಬೈಯ ಮೈದಾನಗಳಲ್ಲಿ, ಶಾಲಾ ಕೂಟಗಳಲ್ಲಿ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ಮಗಳನ್ನು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಹಾರಿದಿ ಪುಟ್ಟಾ?" ಎಷ್ಟನೇ ಸಲಕ್ಕೆ ಹಾರಿದೆ ಅಂತ ಕೇಳುವವರು ಕಡಿಮೆ. ನನ್ನ ತಕರಾರು ಇರುವುದು ಇಲ್ಲೇ.

ನಿಯಮ ಸರಳ. ಇಬ್ಬರು ಒಂದೇ ಎತ್ತರಕ್ಕೆ ನಿಂತರೆ, ಮೊದಲು ಆ ಎತ್ತರದಲ್ಲಿ ಯಾರು ಕಡಿಮೆ ಸಲ ಬಾರ್ ಬೀಳಿಸಿದರು ಅಂತ ನೋಡುತ್ತಾರೆ. ಅದೂ ಸಮ ಆದರೆ, ಶುರುವಿನಿಂದ ಆ ಎತ್ತರದವರೆಗಿನ ಒಟ್ಟು ತಪ್ಪುಗಳ ಲೆಕ್ಕ. ಅಂದರೆ 1.85ರಲ್ಲಿ ಉದಾಸೀನದಿಂದ ಬೀಳಿಸಿದ ಒಂದು ಬಾರ್ 2.00ರಲ್ಲಿ ಚಿನ್ನ ಕಿತ್ತುಕೊಳ್ಳಬಹುದು. ಆಮೇಲೂ ಸಮವಾಗಿದ್ದರೆ ಮೊದಲ ಸ್ಥಾನಕ್ಕೆ ಮಾತ್ರ ಜಂಪ್-ಆಫ್, ಅಂದರೆ ಗೆದ್ದವರು ಯಾರೆಂದು ತೀರ್ಮಾನಿಸುವ ಹೆಚ್ಚುವರಿ ಜಿಗಿತ. ಉಳಿದ ಸ್ಥಾನಗಳನ್ನು ಹಂಚಿಕೊಳ್ಳಬೇಕು. ಪ್ಯಾರಿಸ್‌ನಲ್ಲಿ 1.95ಕ್ಕೆ, ಟೋಕಿಯೊದಲ್ಲಿ 1.97ಕ್ಕೆ ಇಬ್ಬಿಬ್ಬರಿಗೆ ಕಂಚು ಬಂದದ್ದು ಹಾಗೆ.

ಈಗ ಅಭ್ಯಾಸಕ್ಕೆ ಬನ್ನಿ. ಸಾಮಾನ್ಯವಾಗಿ ಹುಡುಗಿಯರು ಸಾಲಾಗಿ ನಿಂತು, ಎರಡು ಮೂರು ನಿಮಿಷಕ್ಕೊಂದರಂತೆ ಹದಿನೈದು ಇಪ್ಪತ್ತು ಸಲ ಹಾರುತ್ತಾರೆ. ಮೊದಲನೆಯದು ಬೀಳುತ್ತದೆ, ಎರಡನೆಯದು ತಾಗುತ್ತದೆ, ಮೂರನೆಯದಕ್ಕೆ ಕಾಲು ಹಿಡಿತಕ್ಕೆ ಬರುತ್ತದೆ, ಕೋಚ್ "ಶಾಬ್ಬಾಸ್" ಅನ್ನುತ್ತಾರೆ. ಹೀಗೆ ದಿನವೂ ಮೂರನೇ ಪ್ರಯತ್ನದ್ದೇ ತಾಲೀಮು! ಫೈನಲ್‌ನಲ್ಲಿ ಹನ್ನೆರಡು ಜನರಿದ್ದರೆ ಒಂದು ಜಿಗಿತಕ್ಕೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷ ಸುಲಭವಾಗಿ ಕಳೆಯುತ್ತದೆ. ಮೈ ತಣ್ಣಗಾಗಿರುತ್ತದೆ. ಸರದಿ ಬಂದಾಗ ಕೈಯಲ್ಲಿರುವುದು ಒಂದೇ ನಿಮಿಷ. ಮಹುಚಿಖ್ ನಡುವೆ ಸ್ಲೀಪಿಂಗ್ ಬ್ಯಾಗ್ ಹೊದ್ದು ಮಲಗುವುದು, ಒಲಿಸ್ಲಾಗರ್ಸ್ ಪ್ರತಿ ಜಿಗಿತದ ನಂತರ ನೋಟ್‌ಬುಕ್‌ನಲ್ಲಿ ತಾವೇ ಅಂಕ ಬರೆದುಕೊಳ್ಳುವುದು ಶೋಕಿಗಲ್ಲ. ಆ ಕಾಯುವ ಹೊತ್ತನ್ನು ಬಳಸಿಕೊಳ್ಳುವ ದಾರಿ ಅದು.

ವಾರದಲ್ಲಿ ಒಂದು ದಿನವಾದರೂ ಹೀಗೆ ಮಾಡಿಸಿ. ಅವಳ ಅತ್ಯುತ್ತಮ ಎತ್ತರಕ್ಕಿಂತ 8–10 ಸೆಂಟಿಮೀಟರ್ ಕೆಳಗೆ ಬಾರ್ ಇಡಿ. ಒಂದೇ ಜಿಗಿತ. ನಂತರ ಟ್ರ್ಯಾಕ್‌ಸೂಟ್ ಹಾಕಿ ಹತ್ತು ನಿಮಿಷ ಕೂರಲಿ. ಸರದಿಗೆ ಮೂರ್ನಾಲ್ಕು ನಿಮಿಷ ಮುಂಚೆ ಎದ್ದು ಎರಡು ಸ್ಟ್ರೈಡ್ (ಉದ್ದ ಹೆಜ್ಜೆಯ ಚಿಕ್ಕ ಓಟ), ಬಾರ್ ಇಲ್ಲದೆ ಒಂದು ತಿರುವಿನ ಓಟ, ಆಮೇಲೆ ಜಿಗಿತ. ಪ್ರತಿ ಸಲ 3 ಸೆಂಟಿಮೀಟರ್ ಏರಿಸಿ. ಒಟ್ಟು ಆರೇ ಜಿಗಿತ ಸಾಕು. ಬಾರ್ ಬಿದ್ದರೆ ಆ ಎತ್ತರಕ್ಕೆ ಎರಡನೇ ಅವಕಾಶ ಕೊಡಬೇಡಿ.

ಇನ್ನು ಬಾರ್ ಬಿದ್ದಾಗ "ಇನ್ನೂ ಜೋರಾಗಿ ಹಾರು" ಅಂತ ಕೂಗುವುದನ್ನು ದಯವಿಟ್ಟು ನಿಲ್ಲಿಸಿ. ಬಾರ್‌ಗೆ ಏನು ತಾಗಿತು ಅಂತ ನೋಡಿ. ಮೇಲೇರುವಾಗಲೇ ಭುಜ ಅಥವಾ ಬೆನ್ನು ತಾಗಿದರೆ ತೀರಾ ಹತ್ತಿರದಿಂದ ನೆಗೆದಿದ್ದಾಳೆ, ಇಲ್ಲವೇ ತಿರುವನ್ನು ಕತ್ತರಿಸಿ ಮೊದಲೇ ಬಾರ್ ಕಡೆ ವಾಲಿದ್ದಾಳೆ. ಬಾರ್ ದಾಟಿದ ಮೇಲೆ ಇಳಿಯುವಾಗ ತೊಡೆಯ ಹಿಂಭಾಗ ತಾಗಿದರೆ ನೆಗೆತ ದೂರದಿಂದ ಆಗಿದೆ, ಮೈಯ ಗರಿಷ್ಠ ಎತ್ತರ ಬಾರ್‌ಗಿಂತ ಮುಂಚೆಯೇ ಮುಗಿದಿದೆ. ಹಿಮ್ಮಡಿ ಮಾತ್ರ ತಾಗಿದರೆ ಓಟದ ತಪ್ಪಲ್ಲ. ಸೊಂಟ ದಾಟಿದ ಕೂಡಲೇ ಗದ್ದವನ್ನು ಎದೆಗೆ ತಂದು ಕಾಲು ನೀಡುವುದು ತಡವಾಗಿದೆ.

ಹೆಚ್ಚಿನ ತಪ್ಪು ನೆಲದ ಮೇಲೇ ಆಗುತ್ತದೆ. ಹತ್ತು ಹೆಜ್ಜೆಯ ಓಟವಾದರೆ ಮೊದಲ ಐದು ನೇರ, ಕೊನೆಯ ಐದು ತಿರುವು. ತಿರುವಿನಲ್ಲಿ ಮೈ ಬಾರ್‌ನಿಂದ ಆಚೆಗೆ, ವೃತ್ತದ ಒಳಕ್ಕೆ ವಾಲಿರಬೇಕು, ಸೈಕಲ್ ತಿರುಗಿಸುವಾಗ ವಾಲುವ ಹಾಗೆ. ಕೊನೆಗೆ ಹೆಜ್ಜೆ ಊರುವಾಗ ಪಾದ ಬಾರ್‌ಗೆ ಸಮಾನಾಂತರವಾಗಿ ತಿರುಗಿದ್ದರೆ ಕಣಕಾಲು ಒಳಕ್ಕೆ ಕುಸಿಯುತ್ತದೆ. ಕಣಕಾಲಿನ ಒಳಭಾಗ ನೋಯುತ್ತದೆ ಅಂತ ಹುಡುಗಿ ಹೇಳಿದರೆ ಮುಲಾಮು ಹಚ್ಚುವ ಮುಂಚೆ ಅವಳ ಹೆಜ್ಜೆ ಗುರುತು ನೋಡಿ.

ನಮ್ಮ ಊರಿನ ಇನ್ನೊಂದು ಸಂಗತಿ ಮಳೆ. ಪುಣೆಯ ಬಾಲೇವಾಡಿ 2013ರ ಜುಲೈನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆಸಿದ ಮೈದಾನ. ಜುಲೈ ಅಂದರೆ ಇಲ್ಲಿ ಮಳೆಗಾಲ. ಟೋಕಿಯೊ ಫೈನಲ್ ಕೂಡ ಮಳೆಯಿಂದ ನಡುವೆ ನಿಂತಿತ್ತು. ಒದ್ದೆ ಟ್ರ್ಯಾಕ್‌ನಲ್ಲಿ ನೇರ ಓಟ ಹೇಗೋ ಸಾಗುತ್ತದೆ, ಕಾಲು ಜಾರುವುದು ತಿರುವಿನಲ್ಲಿ. ಹೆದರಿದ ಹುಡುಗಿ ತಿರುವನ್ನೇ ಚಪ್ಪಟೆ ಮಾಡಿಬಿಡುತ್ತಾಳೆ. ಒಣ ಟವೆಲ್ ಎರಡು ಇರಲಿ: ಒಂದು ಸ್ಪೈಕ್ ಒರೆಸಲು, ಇನ್ನೊಂದು ಗುರುತಿನ ಟೇಪ್ ಅಂಟಿಸುವ ಜಾಗ ಒರೆಸಲು. ಟೇಪ್ ಕಿತ್ತುಬಂದರೆ ಓಟದ ಅಳತೆಯೇ ಹೋಯಿತು. ಅದಕ್ಕೇ ಅಳತೆಯನ್ನು ಕಂಬದ ಬುಡದಿಂದ ಪಾದದ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಸ್ಥಳೀಯ ಕೂಟ ನಡೆಸುವವರಿಗೂ ಒಂದು ಮಾತು. ನಾಲ್ಕು ಮೀಟರ್ ಉದ್ದದ ಬಾರ್ ನಡುವೆ ಬಾಗುತ್ತದೆ. ಎತ್ತರ ಅಳೆಯಬೇಕಾದದ್ದು ಆ ಮಧ್ಯದಲ್ಲಿ, ಕಂಬದ ಮೇಲಿನ ಅಂಕಿ ನೋಡಿಯಲ್ಲ. ಬಿದ್ದ ಬಾರನ್ನು ಮಗುಚಿ ಇಟ್ಟರೆ ಎತ್ತರ ಬದಲಾಗಬಹುದು. ಮೇಲ್ಮೈಗೆ ಒಂದು ಗುರುತು ಹಾಕಿ, ಪ್ರತಿ ಸಲ ಅದೇ ಮೇಲೆ ಬರಲಿ.

ನಮ್ಮ ಕರ್ನಾಟಕದ ಸಹನಾ ಕುಮಾರಿ 2012ರಲ್ಲಿ 1.92 ಹಾರಿ ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದರು. 2025ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಹರಿಯಾಣದ ಪೂಜಾ 1.89 ಹಾರಿ ಚಿನ್ನ ಗೆದ್ದರು. ಮುಂದಿನ ಕೂಟಕ್ಕೆ ಹೋದಾಗ ಸ್ಕೋರ್ ಶೀಟ್ ನೋಡಿ. ಮಗಳ ಹೆಸರಿನ ಮುಂದೆ ಎಷ್ಟು ಸೊನ್ನೆ (ದಾಟಿದ ಗುರುತು) X (ಬಾರ್ ಬಿದ್ದ ಗುರುತು) ಇಲ್ಲದೆ ನಿಂತಿವೆ, ಎಷ್ಟು ಸೊನ್ನೆಗೆ ಮುಂಚೆ X ಬಿದ್ದಿದೆ ಅಂತ ಎಣಿಸಿ ಮನೆಗೆ ಬನ್ನಿ.