ಬರೀ "ವಾಕಿಂಗ್ ಮಾಡಿ" ಅಂತ ಬರೆದ್ರೆ ಸಾಕಾಗಲ್ಲ

ಫಿಸಿಯೋಥೆರಪಿ ನನ್ನ ಕೆಲಸ, ಹಾಗಾಗಿ ವಯಸ್ಸಾದವರ ಡಾಕ್ಟ್ರ ಚೀಟಿಗಳನ್ನ ದಿನಾ ನೋಡ್ತೀನಿ. ಬಿಪಿ ಮಾತ್ರೆ ಎಷ್ಟು ಎಂಜಿ, ಬೆಳಿಗ್ಗೆನಾ ರಾತ್ರಿನಾ, ಊಟಕ್ಕೆ ಮುಂಚೆನಾ ಆಮೇಲಾ ಎಲ್ಲಾ ಇರುತ್ತೆ. ಕೊನೇ ಸಾಲಲ್ಲಿ ಮಾತ್ರ "ವಾಕಿಂಗ್ ಮಾಡಿ" ಅಂತ ಬರೆದು ಮುಗಿಸಿರ್ತಾರೆ. ವ್ಯಾಯಾಮಕ್ಕೂ ಡೋಸ್ ಇದೆ ಕಣ್ರೀ, ಅದನ್ನೂ ಬರೀಬೇಕು.

ವಾಕಿಂಗ್ ಬೇಡ ಅಂತಿಲ್ಲ, ಹಾರ್ಟಿಗೆ ಶುಗರ್‌ಗೆ ತುಂಬಾ ಒಳ್ಳೇದು. ಆದ್ರೆ ಪಾರ್ಕಲ್ಲಿ ದಿನಾ ರೌಂಡ್ ಹೊಡೆಯೋ ಎಷ್ಟೋ ಜನಕ್ಕೆ ಕೈ ಊರದೆ ಕುರ್ಚಿಯಿಂದ ಏಳಕ್ಕಾಗಲ್ಲ, ಬಸ್ಸಿನ ಮೆಟ್ಟಿಲು ಹತ್ತಕ್ಕಾಗಲ್ಲ, ನೆಲದ ಮೇಲೆ ಕೂತ್ರೆ ಇಬ್ಬರು ಹಿಡಿದು ಎಬ್ಬಿಸ್ಬೇಕು. ತೊಡೇಲಿ ಶಕ್ತಿ ಇಲ್ಲ, ಬ್ಯಾಲೆನ್ಸ್ ಇಲ್ಲ, ಬಚ್ಚಲಲ್ಲಿ ಕಾಲು ಜಾರಿದ್ರೆ ಸಾವರಿಸಿಕೊಳ್ಳಕ್ಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಏನು ಹೇಳಿದೆ ಅಂದ್ರೆ, ವಾರಕ್ಕೆ 150ರಿಂದ 300 ನಿಮಿಷ ಬಿರುಸಾಗಿ ನಡೆಯೋ ಥರದ್ದು, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಶಕ್ತಿ ಕೊಡೋ ವ್ಯಾಯಾಮ, ಕನಿಷ್ಠ 3 ದಿನ ಬ್ಯಾಲೆನ್ಸ್ ವ್ಯಾಯಾಮ. ನಮ್ಮಲ್ಲಿ ಮೊದಲನೇದು ಮಾತ್ರ ಎಲ್ಲರಿಗೂ ಗೊತ್ತು.

"ಈ ವಯಸ್ಸಲ್ಲಿ ತೂಕ ಎತ್ತೋದಾ" ಅಂತ ಗಾಬರಿ ಆಗೋರಿಗೆ ಅಮೆರಿಕದ ಬೋಸ್ಟನ್‌ನಲ್ಲಿ ನಡೆದಿದ್ದು ಹೇಳ್ತೀನಿ. 1990ರಲ್ಲಿ ಪ್ರಕಟವಾದ ಅಧ್ಯಯನ, ಮರಿಯಾ ಫಿಯಾಟರೋನೆ ಅನ್ನೋ ಡಾಕ್ಟ್ರು ಮತ್ತವರ ತಂಡದ್ದು. ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಜನಕ್ಕೆ 8 ವಾರ ಕಾಲಿಗೆ ಸರಿಯಾಗಿ ಭಾರ ಕೊಟ್ಟು ಟ್ರೈನಿಂಗ್ ಮಾಡಿಸಿದ್ರು. ಪೂರ್ತಿ ಮುಗಿಸಿದ ಒಂಬತ್ತು ಜನರ ಕಾಲಿನ ಶಕ್ತಿ ಸರಾಸರಿ ಶೇಕಡಾ 174 ಜಾಸ್ತಿ ಆಯ್ತು, ಇಬ್ಬರು ಕೋಲು ಬಿಟ್ಟು ನಡೆದ್ರು. ಚಿಕ್ಕ ಅಧ್ಯಯನ ನಿಜ, ಆದ್ರೆ 1994ರಲ್ಲಿ ನೂರು ಜನರ ಮೇಲೆ ಮಾಡಿದಾಗಲೂ ಶಕ್ತಿ ಚೆನ್ನಾಗೇ ಹೆಚ್ಚಿತ್ತು. ತೊಂಬತ್ತರಲ್ಲೂ ಸ್ನಾಯು ಬೆಳೆಯುತ್ತೆ, ಎಷ್ಟು ಸಲ ಓದಿದ್ರೂ ನಂಗೆ ಖುಷಿ ಆಗುತ್ತೆ.

ಹಾಗಂತ ಎಲ್ಲರಿಗೂ ಒಂದೇ ಥರ ಬರೆಯೋ ಹಾಗಿಲ್ಲ. ಮೊದಲು ನೋಡ್ಬೇಕು, 30 ಸೆಕೆಂಡಲ್ಲಿ ಕೈ ಎದೆ ಮೇಲೆ ಕಟ್ಕೊಂಡು ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರ್ತಾರೆ ಅಂತ. 70ರ ಆಸುಪಾಸಿನ ಹೆಂಗಸರಿಗೆ ಹತ್ತಕ್ಕಿಂತ ಕಮ್ಮಿ ಆದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಏಳೋದೇ ಕಷ್ಟ ಅನ್ನೋರಿಗೆ ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿ ಐದೈದು ಸಲ ಶುರು ಮಾಡಿಸ್ತೀನಿ, ಕೊನೇ ಒಂದೆರಡು ಸಲ ಕಷ್ಟ ಅನ್ನಿಸ್ಬೇಕು, ಸುಲಭ ಆದ್ಮೇಲೆ ದಿಂಬು ತೆಗೀಬೇಕು. ಉಸಿರು ಕಟ್ಟಬಾರದು, ಒಂದು ಎರಡು ಅಂತ ಜೋರಾಗಿ ಎಣಿಸಿದ್ರೆ ತಾನಾಗೇ ಸರಿಹೋಗುತ್ತೆ. ಬ್ಯಾಲೆನ್ಸಿಗೆ ಅಡುಗೆಮನೆ ಕಟ್ಟೆ ಹಿಡ್ಕೊಂಡು ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲೋದು.

ಮಾತ್ರೆ ಪಟ್ಟಿ ನೋಡದೆ ಮಾತ್ರ ಶುರು ಮಾಡಬೇಡಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬಿಪಿ ಮಾತ್ರೆ ತಗೊಳ್ಳೋರಿಗೆ ನಾಡಿ ಬಡಿತ ಏರೋದೇ ಕಮ್ಮಿ, ವಾಚಲ್ಲಿ ಹಾರ್ಟ್ ರೇಟ್ ನೋಡಿ ಪ್ರಯೋಜನ ಇಲ್ಲ, ನಡೀತಾ ಮಾತಾಡಕ್ಕಾಗ್ಬೇಕು ಆದ್ರೆ ಹಾಡಕ್ಕಾಗಬಾರದು, ಅದೇ ಅಳತೆ. ಇನ್ಸುಲಿನ್ ತಗೊಳ್ಳೋರು ಖಾಲಿ ಹೊಟ್ಟೇಲಿ ಮಾಡಬಾರದು. ಮೂಳೆ ಸವೆತ ಇರೋರಿಗೆ ಪಶ್ಚಿಮೋತ್ತಾನಾಸನ (ಕಾಲು ಚಾಚಿ ಕೂತು ಮುಂದಕ್ಕೆ ಬಾಗೋದು) ಮಾಡ್ಸೋ ಯೋಗ ಕ್ಲಾಸ್ ಕಂಡ್ರೆ ನಂಗೆ ನಿಜವಾಗ್ಲೂ ಭಯ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯವರು 1984ರಲ್ಲೇ ಬರೆದಿದ್ದಾರೆ, ಮೂಳೆ ಸವೆತ ಇದ್ದ ಹೆಂಗಸರಲ್ಲಿ ಮುಂದಕ್ಕೆ ಬಾಗೋ ವ್ಯಾಯಾಮ ಮಾಡಿದವರ ಪೈಕಿ ಶೇಕಡಾ 89 ಜನಕ್ಕೆ ಬೆನ್ನುಮೂಳೆ ಮತ್ತೆ ಕುಸಿದಿತ್ತು, ಹಿಂದಕ್ಕೆ ಬಾಗೋ ವ್ಯಾಯಾಮ ಮಾಡಿದವರಲ್ಲಿ ಶೇಕಡಾ 16 ಜನಕ್ಕೆ ಮಾತ್ರ.

ಇನ್ನು ಮನೆಯವರು. "ನೀವು ಸುಮ್ನೆ ಕೂತ್ಕೊಳಿ ಅಮ್ಮ, ನಾವು ಮಾಡ್ತೀವಿ" ಅಂತ ಪ್ರೀತಿಯಿಂದಾನೇ ಹೇಳ್ತಾರೆ, ನೀರಿನ ಚೊಂಬೂ ಕೈಗೇ ತಂದು ಕೊಡ್ತಾರೆ. ಆದ್ರೆ ಅಲ್ಲಾಡದೆ ಇದ್ರೆ ಸ್ನಾಯು ಕರಗುತ್ತೆ. ಆರೋಗ್ಯವಾಗಿರೋ ಹಿರಿಯರೇ 10 ದಿನ ಹಾಸಿಗೇಲಿ ಮಲಗಿದ್ರೆ ಕಾಲಿಂದ ಸುಮಾರು ಒಂದು ಕೆಜಿ ಮಾಂಸಖಂಡ ಕರಗುತ್ತೆ, ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಹಾಗಾಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗೋ ದಿನ ಮಾತ್ರೆ ವಿಚಾರ ಕೇಳೋ ಹಾಗೇ, ಯಾವಾಗಿಂದ ಕಾಲ ಮೇಲೆ ನಿಲ್ಲಿಸ್ಬಹುದು, ಎಷ್ಟು ಸಲ ಎಬ್ಬಿಸ್ಬಹುದು, ಏನು ಮಾಡಿಸ್ಬಾರದು ಅಂತ ಡಾಕ್ಟ್ರ ಹತ್ರ ಕೇಳಿ, ಚೀಟೀಲೇ ಬರೆಸ್ಕೊಂಡು ಬನ್ನಿ.